ಮರಡಿ ಹಲಗೆಯ ಗಾಯ

ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಪಾಲಾಕ್ಷಪ್ಪ ದಿನಾ ಬೆಳಿಗ್ಗೆ ಹಿಟ್ಟಿನ ಗಿರಣಿ ತಿರುವಿನಲ್ಲಿ ನಿಂತು ಹಣೆ ಒರೆಸಿಕೊಳ್ಳುತ್ತಿದ್ದ. ಮನೆಯಿಂದ ಹೊರಡುವಾಗ ಅವ್ವ ಗಾದೆಮ್ಮ ಅವನ ಹಣೆಗೆ ಮೈಲಾರಲಿಂಗನ ಬಂಡಾರ ಹಚ್ಚುತ್ತಿದ್ದಳು. ಬಂಡಾರ ಅಂದರೆ ನಿಮಗೆ ನಮಗೆ ಅರಿಷಿಣದ ಪುಡಿ ಇರಬಹುದು, ಅವಳ ಪಾಲಿಗೆ ಅದು ಛತ್ರಿ, ಬೀಗ, ಡಾಕ್ಟರು ಎಲ್ಲ. ಬೇಡ ಅಂದರೆ ಬಿಡುವ ಹೆಣ್ಣುಮಗಳಲ್ಲ. ಹಾಗಾಗಿ ಮನೆಯಲ್ಲಿ ತಲೆ ಬಗ್ಗಿಸಿ ಹಚ್ಚಿಸಿಕೊಳ್ಳುವುದು, ಗಿರಣಿ ತಿರುವಿನಲ್ಲಿ ಕರ್ಚೀಫು ತೆಗೆದು ಒರೆಸಿಕೊಳ್ಳುವುದು, ಹೀಗೆ ಪಾಲಾಕ್ಷಪ್ಪ ಇಬ್ಬರ ಮಾನವನ್ನೂ ಕಾಪಾಡಿಕೊಂಡು ಬಂದಿದ್ದ. ಅವನ ಕರ್ಚೀಫುಗಳೆಲ್ಲ ಹಳದಿಯಾಗಿದ್ದವು. ಅವನ್ನು ಒಗೆಯುತ್ತಿದ್ದವಳು ಗಾದೆಮ್ಮನೇ. ಅವಳೂ ಏನೂ ಕೇಳಿರಲಿಲ್ಲ, ಇವನೂ ಏನೂ ಹೇಳಿರಲಿಲ್ಲ.

ಒರೆಸಿಕೊಳ್ಳುವುದಕ್ಕೆ ಅವನಿಗೆ ಅವನದೇ ಕಾರಣವಿತ್ತು. ಪಾಲಾಕ್ಷಪ್ಪ ತಾನೊಬ್ಬ ಕಲಾವಿದ ಅಂತ ತಿಳಿದುಕೊಂಡಿದ್ದ. ಊರು ಹಾಗೆ ತಿಳಿದುಕೊಂಡಿರಲಿಲ್ಲ. ಊರಿನ ಲೆಕ್ಕದಲ್ಲಿ ಡ್ರಾಯಿಂಗ್ ಮಾಸ್ತರ ಅಂದರೆ ಲಾರಿ ಹಿಂದೆ ಹೆಸರು ಬರೆಯುವವ, ಎತ್ತಿನ ಕೊಂಬಿಗೆ ಬಣ್ಣ ಹಚ್ಚುವವ, ಪರೀಕ್ಷೆ ಬಂದರೆ ಬೆಂಚಿಗೆ ನಂಬರು ಹಾಕುವವ. ಎಲೆಕ್ಷನ್ ಬಂತೆಂದರೆ ಸರಕಾರಿ ನೌಕರ ಅನ್ನುವುದನ್ನೂ ಮರೆತು ಎರಡೂ ಪಾರ್ಟಿಯವರು ಗೋಡೆ ತೋರಿಸಿ ಸುಣ್ಣದ ಡಬ್ಬಿ ಕೈಗೆ ಕೊಡುತ್ತಿದ್ದರು. ತೀರಿಹೋದ ಅಪ್ಪ ಕೊಟ್ಟೂರು ರೈಲು ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದವ, ಮಗ ನೆರಳಲ್ಲಿ ಕುಂತು ಉಣ್ಣುವ ನೌಕರಿ ಹಿಡಿದನಲ್ಲ ಅಂತ ಸಮಾಧಾನದಿಂದಲೇ ಕಣ್ಣು ಮುಚ್ಚಿದ. ಮಗನಿಗೆ ಮಾತ್ರ ಒಳಗೊಳಗೆ ಸಂಕಟ. ಒಂದೇ ಒಂದು ಸಲ, ತಿಳಿದವರು ಯಾರಾದರೂ ತನ್ನ ಚಿತ್ರವನ್ನು ನೋಡಿ ಇದು ಚಿತ್ರ ಅನ್ನಬೇಕು ಅಂತ ಅವನ ಜೀವ ಬಯಸುತ್ತಿತ್ತು.

ಎಂಬತ್ತೊಂದರ ಬೇಸಿಗೆ ರಜೆಯಲ್ಲಿ ದಾವಣಗೆರೆಯಲ್ಲಿ ನಡೆದ ಒಂದು ಶಿಬಿರಕ್ಕೆ ಹೋಗಿ ಅವನು ಮರದ ಹಲಗೆಯಿಂದ ಚಿತ್ರ ಒತ್ತುವುದನ್ನು ಕಲಿತು ಬಂದ. ಕಲಿಸಿದವರು ವೀರಭದ್ರಯ್ಯನವರು. ಬಿಳಿ ಜುಬ್ಬಾ, ಬೆರಳ ಸಂದಿಯಲ್ಲಿ ಯಾವಾಗಲೂ ಕರಿ ಮಸಿ, ಮಾತು ಕಡಿಮೆ. ಹಲಗೆಯಲ್ಲಿ ಚಿತ್ರ ಕೆತ್ತಬೇಕು, ಪ್ರೆಸ್ಸಿನ ಮಸಿಯನ್ನು ರೋಲರಿನಿಂದ ಅದರ ಮೇಲೆ ಉರುಳಿಸಬೇಕು, ಮೇಲೆ ಕಾಗದ ಹಾಸಿ ಸೌಟಿನ ಬೆನ್ನಿನಿಂದ ಉಜ್ಜಿ ಎತ್ತಬೇಕು. ಕೊಯ್ದು ತೆಗೆದದ್ದು ಬೆಳ್ಳಗೆ ಬರುತ್ತದೆ, ಉಳಿಸಿದ್ದು ಕಪ್ಪಗೆ ಬರುತ್ತದೆ. ಇಷ್ಟೇ ವಿದ್ಯೆ, ಆದರೆ ಕೈಗೆ ಹತ್ತಬೇಕಾದರೆ ಹೆಬ್ಬೆರಳು ನಾಲ್ಕು ಕಡೆ ಕೊಯ್ದಿರಬೇಕು.

ಶಿಬಿರ ಮುಗಿಯುವ ದಿನ ವೀರಭದ್ರಯ್ಯನವರು ಕೊನೆಯ ಪಾಠ ಹೇಳಿದರು. ಒಂದು ಹಲಗೆಯಿಂದ ಹತ್ತು ಪ್ರತಿ ಅಂತ ಮಾತು ಕೊಟ್ಟಿದ್ದರೆ ಹತ್ತೇ ತೆಗೆಯಬೇಕು. ಆಮೇಲೆ ಈ ಮೂಲೆಯಿಂದ ಆ ಮೂಲೆಗೆ ಉಳಿಯಿಂದ ಒಂದು ಗೀಟು ಎಳೆದು ಹಲಗೆಯನ್ನು ಸಾಯಿಸಬೇಕು. ಸತ್ತ ಹಲಗೆಯಿಂದಲೂ ಒಂದು ಪ್ರತಿ ತೆಗೆದು ಇಡಬೇಕು, ಇನ್ನು ಮುಂದೆ ಇದರಿಂದ ಚಿತ್ರ ಹುಟ್ಟುವುದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗೆ ಮಾಡದವನು ಕಲಾವಿದನಲ್ಲ, ಕ್ಯಾಲೆಂಡರ್ ವ್ಯಾಪಾರಿ ಅಂದರು. ಪಾಲಾಕ್ಷಪ್ಪ ತಲೆಯಾಡಿಸಿದ. ಅವತ್ತು ಅವನ ಹತ್ತಿರ ಸಾಯಿಸುವುದಕ್ಕೆ ಯಾವ ಹಲಗೆಯೂ ಇರಲಿಲ್ಲ, ಹಾಗಾಗಿ ಮಾತು ಸುಲಭವಾಗಿ ಗಂಟಲಲ್ಲಿ ಇಳಿಯಿತು.

ಊರಿಗೆ ಬಂದು ಬಡಗಿ ಓಬಳೇಶಪ್ಪನ ಹತ್ತಿರ ಒಂದು ಬೇವಿನ ಹಲಗೆ ಹೇಳಿ ಮಾಡಿಸಿದ. ಏನು ಕೆತ್ತುವುದು ಅನ್ನುವುದಕ್ಕೆ ಯೋಚನೆಯೇ ಬೇಕಾಗಲಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಹತ್ತಿ ವರ್ಷದ ಭವಿಷ್ಯ, ಅಂದರೆ ಕಾರಣಿಕ, ನುಡಿಯುವ ಆ ಮರಡಿ ಗುಡ್ಡ, ಅದರ ಮೇಲೆ ಆಕಾಶಕ್ಕೆ ನಿಂತ ಬಿಲ್ಲು, ಕೆಳಗೆ ಹೊಳೆ, ಹೊಳೆ ದಂಡೆಯಲ್ಲಿ ಒಂದು ನಾಯಿ. ದೇವರಿಲ್ಲ, ಜನರಿಲ್ಲ. ಡಮರುಗವೊಂದು ಮರಡಿಯ ಹೊಟ್ಟೆಯೊಳಗೆ ಇದ್ದ ಹಾಗೆ ಗೆರೆ ಹೊರಳಿಸಿದ್ದ, ನೋಡಬೇಕು ಅಂದರೆ ಕಾಣುತ್ತಿತ್ತು, ಇಲ್ಲ ಅಂದರೆ ಬರೀ ಕಲ್ಲು. ಮಳೆಗಾಲ ಪೂರ್ತಿ, ಶಾಲೆ ಬಿಟ್ಟ ಮೇಲೆ, ಕೆತ್ತಿದ್ದೇ ಕೆತ್ತಿದ್ದು. ಹೆಂಡತಿ ಕನಕಮ್ಮ ಕಸಪೊರಕೆಯಲ್ಲಿ ಬೇವಿನ ಚಕ್ಕೆ ಗುಡಿಸಿ ಗುಡಿಸಿ ಬೇಸತ್ತು, ಈ ಮರಡಿ ಮೈಲಾರದಾಗ ಇದ್ದಿದ್ದೇ ಚೊಲೋ ಇತ್ತು ಅಂದಳು. ಸಾರಿನ ಸೌಟು ಮಾಯವಾಗಿ ಮಸಿ ಮೆತ್ತಿಕೊಂಡು ವಾಪಸು ಬಂದ ದಿನ ಅವಳು ಮಾತೇ ಆಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

ದೀಪಾವಳಿ ಹೊತ್ತಿಗೆ ಹತ್ತು ಪ್ರತಿಗಳು ಒಗೆದ ಬಟ್ಟೆಯಂತೆ ಹಗ್ಗದ ಮೇಲೆ ಒಣಗಿದವು. ಒಂದನ್ನು ವೀರಭದ್ರಯ್ಯನವರಿಗೆ ಕಳಿಸಿದ. ಒಂದಕ್ಕೆ ಕಟ್ಟು ಹಾಕಿಸಿ ಅವ್ವನ ಕೈಗೆ ಕೊಟ್ಟ. ಗಾದೆಮ್ಮ ಪಟವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು, ಚಂದ ಐತಿ ಅಂದು ರಸಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಪಕ್ಕದಲ್ಲಿ ತೂಗುಹಾಕಿಸಿದಳು. ಪಾಲಾಕ್ಷಪ್ಪನಿಗೆ ಅಷ್ಟೂ ಸಾಕಾಗಿತ್ತು.

ಹಲಗೆಯನ್ನು ಮಾತ್ರ ಅವನು ಸಾಯಿಸಲಿಲ್ಲ. ಇವತ್ತು ನಾಳೆ ಅಂತ ಮುಂದೂಡಿದ. ಬಿಸಿಲು ಬಿದ್ದರೆ ಸೊಟ್ಟಗಾಗುತ್ತದೆ ಅಂತ ಎಳ್ಳೆಣ್ಣೆ ಸವರಿ, ಮನೆಯಲ್ಲಿ ಬಿಸಿಲು ಬೀಳದ ಒಂದೇ ಗೋಡೆಗೆ ಒರಗಿಸಿದ. ಆ ಗೋಡೆಗೆ ಹತ್ತಿಕೊಂಡೇ ದೇವರ ಜಗಲಿ ಇತ್ತು. ತಪ್ಪಾದದ್ದು ಅಲ್ಲೇ. ಬೇವಿನ ಮರ, ಮೈಯೆಲ್ಲ ಕರ್ರಗೆ ಮಸಿ ಕುಡಿದು ಎಣ್ಣೆಯಲ್ಲಿ ಮಿರಿಮಿರಿ ಮಿಂಚುವ ಕೆತ್ತನೆ, ಅದರಲ್ಲಿ ಮರಡಿ, ಬಿಲ್ಲು. ಅಂಥದ್ದನ್ನು ಜಗಲಿ ಪಕ್ಕದಲ್ಲಿಟ್ಟು ಶಾಲೆಗೆ ಹೋದರೆ, ಗಾದೆಮ್ಮನಂಥವಳು ಏನು ಮಾಡಬೇಕು, ನೀವೇ ಹೇಳಿ. ಸಂಜೆ ಬಂದು ನೋಡುವಷ್ಟರಲ್ಲಿ ಹಲಗೆ ಜಗಲಿ ಹತ್ತಿ ಕೂತಿತ್ತು. ಮೇಲೊಂದು ಚೆಂಡುಹೂವು, ಮೈಗೆ ಬಂಡಾರ, ಮುಂದೆ ಊದಿನಕಡ್ಡಿ.

ಅವ್ವ, ಅದು ಬ್ಲಾಕು, ಚಿತ್ರ ಒತ್ತೋ ಅಚ್ಚು, ಅಂದ ಪಾಲಾಕ್ಷಪ್ಪ. ಇರಲಿ ಬಿಡು, ಅಂದಳು ಗಾದೆಮ್ಮ, ಅದು ಯಾವುದೋ ಸಣ್ಣ ಊನ ಅನ್ನುವ ಹಾಗೆ. ಪೂಜೆ ಮಾಡಲೇಬೇಕು ಅಂದರೆ ಕಟ್ಟು ಹಾಕಿಸಿದ ಪಟ ಅಲ್ಲಿದೆಯಲ್ಲ, ಅದಕ್ಕೆ ಮಾಡು ಅಂತ ಅವನು ದಾರಿ ತೋರಿಸಿದ. ಆಗ ಅವಳು ಹೇಳಿದ ಮಾತು ಅವನಿಗೆ ಎಷ್ಟೋ ದಿನ ನುಂಗಲಾರದ ತುತ್ತಾಗಿ ಉಳಿಯಿತು.

"ಆ ಪಟ ನೀ ಮಾಡಿದ್ದು, ತಮ್ಮಾ. ಇದು ಪಟಾನ ಮಾಡ್ತೈತಿ. ಇಬ್ರಾಗ ಯಾರು ದೊಡ್ಡೋರು, ನೀನ ಹೇಳು."

ಅವನು ಇನ್ನೊಂದು ವಾದ ಹೂಡಿದ. ಹಲಗೆಯಲ್ಲಿ ಎಲ್ಲ ತಿರುವುಮುರುವು ಇದೆ, ಹೊಳೆ ಬಲಕ್ಕೆ ಇರಬೇಕಾದ್ದು ಎಡಕ್ಕಿದೆ, ನಿನ್ನ ತವರೂರು ಮೈಲಾರದ ಹೊಳೆ ಯಾವ ಕಡೆ ಹರಿಯುತ್ತದೆ ಅಂತ ನಿನಗೇ ಗೊತ್ತಿಲ್ಲವೇ ಅಂದ. ಗಾದೆಮ್ಮ ಹೂವು ಸರಿಮಾಡುತ್ತ, ನಾವು ನಿಂತ ಕಡೆಯಿಂದ ನೋಡಿದರೆ ಬಲಕ್ಕೆ, ದೇವರು ಕುಂತ ಕಡೆಯಿಂದ ನೋಡಿದರೆ ಎಡಕ್ಕೆ ಅಂದಳು. ಮೂರು ತಿಂಗಳು ತಿರುವುಮುರುವು ಕೆತ್ತಿದವನಿಗೆ ಇದು ಹೊಳೆದಿರಲಿಲ್ಲ. ಪಾಲಾಕ್ಷಪ್ಪ ಚಹಾ ಕುಡಿಯಲು ಒಳಗೆ ಹೋದ.

ಸುದ್ದಿ ನಿಲ್ಲುತ್ತದೆಯೇ. ಎದುರು ಮನೆಯ ಜಂಬಕ್ಕ ಒಂದು ದಿನ ಸಕ್ಕರೆ ಕೇಳಲು ಬಂದವಳು ಮಾರನೇ ದಿನ ಕಾಯಿ ಹಿಡಿದು ಬಂದಳು. ಅವಳ ಎಮ್ಮೆ ಒದೆಯುವುದು ಬಿಟ್ಟಿತಂತೆ. ಆಮೇಲೆ ಭಾನುವಾರ ಭಾನುವಾರ ಓಣಿಯ ಹೆಂಗಸರು ಬಂದು ಹಲಗೆಯ ಮುಂದೆ ಕಣ್ಣು ಮುಚ್ಚಿ ನಿಂತು ಹೋಗತೊಡಗಿದರು. ಹೋಗುವಾಗ ಗೋಡೆಯ ಮೇಲಿನ ಪಟದ ಕಡೆ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಪಾಲಾಕ್ಷಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು. ತಾನು ಮಾಡಿದ ಚಿತ್ರದ ಪರವಾಗಿ, ಅದನ್ನು ಮಾಡಲು ಬಳಸಿದ ಸಾಮಾನಿನ ಮೇಲೆಯೇ ಹೊಟ್ಟೆಕಿಚ್ಚು ಪಡುವ ಗತಿ ಬಂದ ಕಲಾವಿದ ಈ ತಾಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಸಂಕ್ರಾಂತಿ ಕಳೆದ ಮೇಲೆ ವೀರಭದ್ರಯ್ಯನವರಿಂದ ಶಾಲೆಗೆ ಕಾಗದ ಬಂತು. ಬೆಂಗಳೂರಿನ ಒಂದು ಚಿತ್ರಶಾಲೆ ರಾಜ್ಯದ ಮರಮುದ್ರಣಗಳನ್ನೆಲ್ಲ ತರಿಸಿ ನೋಡಿ, ಪಾಲಾಕ್ಷಪ್ಪನ ಮರಡಿಯನ್ನು ಆರಿಸಿಕೊಂಡಿದೆ. ಗೋಡೆಯ ಮೇಲೆ ನಾಲ್ಕು ದಿನ ಇಟ್ಟು ಇಳಿಸುವುದಲ್ಲ, ಕಾಯಂ ಇಟ್ಟುಕೊಳ್ಳುತ್ತಾರೆ. ಆದರೆ ಹಲಗೆ ಸಾಯಿಸಿದ ಸಾಕ್ಷಿಯ ಪ್ರತಿ ಜೊತೆಯಲ್ಲಿ ಬೇಕು. ವೀರಭದ್ರಯ್ಯನವರು ತಾವೇ ಬರುವ ತಿಂಗಳ ಎರಡನೇ ಭಾನುವಾರ ಬಂದು ಅದನ್ನು ತೆಗೆದುಕೊಂಡು ಹೋಗುತ್ತಾರೆ. ಅದು ಸಿಗದಿದ್ದರೆ ಮೀನು ಕೆತ್ತಿದ ಮಂಗಳೂರಿನವನೊಬ್ಬ ಸಾಲಿನಲ್ಲಿ ಕಾಯುತ್ತಿದ್ದಾನೆ.

ಪಾಲಾಕ್ಷಪ್ಪ ಕಾಗದವನ್ನು ಖಾಲಿ ಕ್ಲಾಸಿನಲ್ಲಿ ಕೂತು ಓದಿದ. ಕಣ್ಣಲ್ಲಿ ನೀರು ಬಂತು. ತನಗೆ ಇಷ್ಟು ಸಂತೋಷ ಆಗುತ್ತದೆ ಅಂತ ಅವನು ತಿಳಿದಿರಲಿಲ್ಲ. ಯಾರಿಗಾದರೂ ಹೇಳಬೇಕು ಅಂತ ಹೆಡ್‌ಮಾಸ್ತರರ ಕೋಣೆಗೆ ಹೋದ. ಅವರು ಕೇಳಿ ಬಹಳ ಸಂತೋಷ ಅಂದು, ಹೇಗೂ ಬಂದಿದ್ದೀರಿ, ನೀರಿನ ಟಾಕಿಯ ಮೇಲೆ 'ಕುಡಿಯುವ ನೀರು' ಅಂತ ಬರೆದುಬಿಡಿ ಅಂದರು. ಅವನು ಬರೆದ. ಅಕ್ಷರ ಚೆನ್ನಾಗಿ ಬಂದವು.

ಮನೆ ಗೆದ್ದು ಮಾರು ಗೆಲ್ಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಬೆಂಗಳೂರನ್ನು ಗೆದ್ದವನು ಜಗಲಿಯ ಮುಂದೆ ಬಂದು ನಿಂತ. ಹಲಗೆ ಬೇಕು, ಅದರ ಮೇಲೆ ಒಂದು ಗೀಟು ಕೊಯ್ಯಬೇಕು ಅಂತ ಅವ್ವನಿಗೆ ಹೇಳಿದ. ವೀರಭದ್ರಯ್ಯನವರ ಮಾತನ್ನೇ ಬಳಸಿ, ಹಲಗೆಯನ್ನು ಸಾಯಿಸುವುದು ಅಂದುಬಿಟ್ಟ. ಒಲೆಯ ಮುಂದಿದ್ದ ಕನಕಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಗಾದೆಮ್ಮ ಮಗನ ಮುಖವನ್ನೇ ನೋಡಿದಳು. ದೇವರನ್ನು ಕೊಯ್ದರೆ ಭಿನ್ನವಾಗುತ್ತದೆ, ಭಿನ್ನವಾದದ್ದು ಜಗಲಿ ಮೇಲೆ ಇರಬಾರದು, ಹೊಳೆಗೆ ಬಿಡಬೇಕು, ಮನೆ ಬರಿದಾಗುತ್ತದೆ ಅಂದಳು. ಅವನು ಸಿಟ್ಟಿನಿಂದ ಒಂದು ಭಾಷಣ ಮಾಡಿದ. ಅದು ಓಬಳೇಶಪ್ಪ ರಂದಾ ಹೊಡೆದು ಕೊಟ್ಟ ಬೇವಿನ ಕಟ್ಟಿಗೆ, ಅದರಲ್ಲಿ ಇರುವುದು ತನ್ನ ಕೈಕೆಲಸ, ದೇವರಲ್ಲ, ದೇವರು ಇದ್ದರೆ ಮೈಲಾರದಲ್ಲಿ ಇರಲಿ, ತನಗೆ ಹುಟ್ಟಿದಾಗಿನಿಂದ ಒಂದೇ ಒಂದು ಒಳ್ಳೆಯದು ಆಗುವುದರಲ್ಲಿದೆ, ಅದಕ್ಕೂ ಅಡ್ಡ ಬರಬೇಡ ಅಂದ. ಕೊನೆಯ ಮಾತಿಗೆ ಗಾದೆಮ್ಮನ ಮುಖ ಸಣ್ಣದಾಯಿತು. ಜಗಲಿಯ ದೀಪದ ಬತ್ತಿ ಸರಿಮಾಡಿ, ಅಣ್ಣನನ್ನು ಕೇಳೋಣ, ಅವ ಹೇಳಿದ ಹಾಗೆ ಆಗಲಿ ಅಂದಳು.

ಅವಳ ಅಣ್ಣ ಗಾಳೆಪ್ಪ ಮೈಲಾರದ ಕಂಚವೀರ. ಆ ಮನೆತನದವರು ದೇವರ ಮುಂದೆ ಪವಾಡ ಮಾಡುವವರು, ಅಂದರೆ ಮೀನಖಂಡದಲ್ಲಿ ಗೂಟ ತೂರಿಸಿಕೊಂಡು, ಗಾಯಕ್ಕೆ ಬಂಡಾರ ಒತ್ತಿಕೊಂಡು, ನಡೆದು ಮನೆಗೆ ಬರುವವರು. ಹೇಳಿ ಕಳಿಸಿದ ಮೂರನೇ ದಿನ ಹಡಗಲಿ ಬಸ್ಸಿಗೆ ಬಂದ. ಹಲಗೆಯ ಮುಂದೆ ಕೂತು ಮರಡಿ ನೋಡಿದ, ಬಿಲ್ಲು ನೋಡಿದ, ನಾಯಿಯನ್ನು ನೋಡಿ ನಕ್ಕ. ಇದು ನಮ್ಮ ಊರಿನ ನಾಯಿ ಅಂದ. ಡಮರುಗವನ್ನು ಯಾರೂ ತೋರಿಸದೆ ತಾನೇ ಬೆರಳಿಟ್ಟು ತೋರಿಸಿದ. ಪಾಲಾಕ್ಷಪ್ಪನಿಗೆ ಒಂದು ಗಳಿಗೆ ಸಿಟ್ಟೆಲ್ಲ ಮರೆತುಹೋಯಿತು, ಇಷ್ಟು ದಿನದಲ್ಲಿ ಅದನ್ನು ಕಂಡವರು ಯಾರೂ ಇರಲಿಲ್ಲ.

ಆಮೇಲೆ ಗಾಳೆಪ್ಪ ಧೋತರ ಮೇಲೆತ್ತಿ ಕಾಲು ಚಾಚಿದ. ಮೀನಖಂಡದಲ್ಲಿ ಹಳೇ ಕಲೆ, ಕಲೆಯ ಮೇಲೆ ಕಲೆ.

"ಅಳಿಯಾ, ಭಿನ್ನ ಆಗೋದು ಬ್ಯಾರೆ, ಪವಾಡ ಆಗೋದು ಬ್ಯಾರೆ. ಕೈ ಜಾರಿ ಬಿದ್ದು ಮುಕ್ಕಾದ್ರ ಭಿನ್ನ. ಮನಸಾರೆ ಚುಚ್ಚಿದ್ರ ಪವಾಡ. ನಾ ವರ್ಷಾ ಕಾಲು ತೂತು ಮಾಡಿಸ್ಕೊಂತೀನಿ, ನಾನೇನು ಭಿನ್ನ ಆಗೀನೇನು? ಆದ್ರ ಆಳಕ್ಕ ಹೋಗಬೇಕು. ಬರೇ ತೊಗಲು ಗೀರಿದ್ರ ಅದು ಪವಾಡ ಅಲ್ಲ, ಆಟ."

ಅವತ್ತು ಮಧ್ಯಾಹ್ನ ಗಾಳೆಪ್ಪ ಉಂಡ ರೊಟ್ಟಿಗಳನ್ನು ನೋಡಿದ ಕನಕಮ್ಮನಿಗೂ, ಮನುಷ್ಯ ಇಡಿಯಾಗೇ ಇದ್ದಾನೆ ಅನ್ನುವುದರಲ್ಲಿ ಸಂಶಯ ಉಳಿಯಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪಾಲಾಕ್ಷಪ್ಪ ಒಳಗೊಳಗೇ ನಕ್ಕ. ತನಗೆ ಬೇಕಾದದ್ದು ಒಂದು ಗೀಟು, ಇವರು ಅದಕ್ಕೆ ಏನು ಬೇಕಾದರೂ ಹೆಸರಿಟ್ಟುಕೊಳ್ಳಲಿ ಅಂದುಕೊಂಡ. ಪಾಪ, ತಿಳಿಯದ ಜನ ಅಂತಲೂ ಅಂದುಕೊಂಡ.

ಗುರುಗಳು ಬರುವುದಕ್ಕೆ ಒಂದು ವಾರ ಮೊದಲು, ಭಾನುವಾರ, ಪವಾಡವಾಯಿತು. ಪಾಲಾಕ್ಷಪ್ಪ ಸ್ನಾನ ಮಾಡಿ, ಉಪವಾಸ ಇದ್ದು, ಒದ್ದೆ ಪಂಚೆಯಲ್ಲಿ ಕೂತ. ಜಗಲಿಯ ಮುಂದೆ ಕಂಬಳಿ ಹಾಸಿ ಹಲಗೆ ಮಲಗಿಸಿದ್ದರು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಗಾಳೆಪ್ಪ ಏಳುಕೋಟಿ ಅಂತ ಮೈಲಾರಲಿಂಗನ ಜಯಕಾರ ಹಾಕಿದ ಕೂಡಲೇ ಪಾಲಾಕ್ಷಪ್ಪ ಉಳಿ ಇಟ್ಟು, ಈ ಮೂಲೆಯಿಂದ ಆ ಮೂಲೆಗೆ, ಮರಡಿಯ ಮೇಲೆ, ಬಿಲ್ಲಿನ ಮೇಲೆ, ಹೊಳೆಯ ಮೇಲೆ ಸರ್ರನೆ ಎಳೆದುಬಿಟ್ಟ. ಗೆರೆ ನೆಟ್ಟಗೆ ಬಂತು. ಸ್ಕೇಲು ಇಡದೆ ನೆಟ್ಟಗೆ ಎಳೆಯುವುದರಲ್ಲಿ ಅವನ ಕೈ ಪಳಗಿತ್ತು. ಗಾದೆಮ್ಮ ಆ ಕೂಡಲೇ ಬಂಡಾರವನ್ನು ಎಣ್ಣೆಯಲ್ಲಿ ಕಲಸಿ ಗೆರೆಯೊಳಗೆ ಒತ್ತಿದಳು. ಗಾಳೆಪ್ಪ ಮಾತ್ರ ಗೆರೆಯ ಮೇಲೆ ಉಗುರು ಓಡಿಸಿ, ಅಳಿಯನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಉಂಡು ಊರಿಗೆ ಹೋದ.

ಮುಂದಿನ ಭಾನುವಾರದವರೆಗೆ ಗಾದೆಮ್ಮ ದಿನಾ ಬೆಳಿಗ್ಗೆ ಮೊದಲು ಮಗನ ಹಣೆಗೆ, ಆಮೇಲೆ ಹಲಗೆಯ ಗಾಯಕ್ಕೆ ಬಂಡಾರ ಹಚ್ಚಿದಳು. ಮಗ ಗಿರಣಿ ತಿರುವಿನಲ್ಲಿ ಒರೆಸಿಕೊಂಡ. ಹಲಗೆಗೆ ಒರೆಸಿಕೊಳ್ಳುವ ಅನುಕೂಲ ಇರಲಿಲ್ಲ.

ವೀರಭದ್ರಯ್ಯನವರು ಹರಪನಹಳ್ಳಿ ಮೇಲಿನ ಬಸ್ಸಿಗೆ ಹತ್ತು ಗಂಟೆಗೆಲ್ಲ ಇಳಿದರು. ಚಹಾ ಕುಡಿದು ಜುಬ್ಬಾದ ತೋಳು ಮಡಚಿ, ಎಲ್ಲಿ ಹಲಗೆ ಅಂದರು. ಜಗಲಿಯ ಕಡೆ ಕೈ ತೋರಿಸುವಾಗ ಪಾಲಾಕ್ಷಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಹೂವು, ಬಂಡಾರ ಎಲ್ಲ ನೋಡಿ, ಮಸಿಯ ಡಬ್ಬಿ ತರಲು ಹೇಳಿದರು. ಗಾದೆಮ್ಮ ತಾನೇ ಹಲಗೆ ಇಳಿಸಿ ಕೊಟ್ಟಳು. ಪಾಲಾಕ್ಷಪ್ಪ ಸೀಮೆಎಣ್ಣೆಯ ಬಟ್ಟೆಯಿಂದ ಅದರ ಮೈ ಒರೆಸುವಾಗ, ಕಣ್ಣಾಗ ಹೋಗದಂಗ ನೋಡ್ಕೋ ಅಂದಳು, ಅಷ್ಟೇ. ಯಾರ ಕಣ್ಣು ಅಂತ ಯಾರೂ ಕೇಳಲಿಲ್ಲ.

ಮಸಿ ಉರುಳಿಸಿದರು, ಕಾಗದ ಹಾಸಿದರು, ಕನಕಮ್ಮನ ಸೌಟಿನಿಂದ ಉಜ್ಜಿದರು. ವೀರಭದ್ರಯ್ಯನವರು ಎರಡು ಮೂಲೆ ಹಿಡಿದು ಕಾಗದ ಎತ್ತಿದರು. ಮರಡಿ ಬಂತು, ಬಿಲ್ಲು ಬಂತು, ಹೊಳೆ ಬಂತು, ನಾಯಿ ಬಂತು. ಗೀಟು ಬರಲಿಲ್ಲ. ಮೊದಲಿನ ಹತ್ತಕ್ಕಿಂತಲೂ ಈ ಪ್ರತಿ ಚೆನ್ನಾಗಿತ್ತು.

ಗಾಯ ಮಾಯ್ದಿತ್ತು. ಎಣ್ಣೆ ಕುಡಿದ ಬಂಡಾರ ಗೆರೆಯೊಳಗೆ ಗಟ್ಟಿಯಾಗಿ ಕೂತು, ಹಲಗೆಗೆ ಸಮನಾಗಿ ಮಸಿ ಹಿಡಿದಿತ್ತು. ಬಾಗಿಲಲ್ಲಿದ್ದ ಜಂಬಕ್ಕ ಎರಡೂ ಕೈ ಎತ್ತಿ ಮುಗಿದಳು. ವೀರಭದ್ರಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪಾಲಾಕ್ಷಪ್ಪ ಗಾಬರಿಯಿಂದ ಬಂಡಾರದ ಕಥೆ ಹೇಳಿ, ತಪ್ಪೆಲ್ಲ ಬಂಡಾರದ್ದು ಅಂತ ಅವ್ವನ ಕಡೆ ನೋಡದೆ ಹೇಳಿದ. ಕೂತು ಸೂಜಿಯಿಂದ ಗೆರೆಯನ್ನು ಪೂರ್ತಿ ಕೆದಕಿ ತೆಗೆದ. ಮತ್ತೆ ಮಸಿ, ಮತ್ತೆ ಕಾಗದ, ಮತ್ತೆ ಸೌಟು.

ಈ ಸಲ ಗೀಟು ಬಂತು. ಕಾಗದದ ಮೇಲೆ ಯಾರದೋ ತಲೆಯ ಬಿಳಿ ಕೂದಲು ಒಂದು ಉದುರಿ ಬಿದ್ದ ಹಾಗೆ ಬಂತು. ಮರಡಿಯ ಹತ್ತಿರ ಬರುವಾಗ ಅದೂ ಇರಲಿಲ್ಲ. ಮರಡಿ ದಾಟಿ ಹೊಳೆಗೆ ಬಂದ ಮೇಲೆ ಮತ್ತೆ ಒಂದಿಷ್ಟು ಕಂಡಿತು.

ವೀರಭದ್ರಯ್ಯನವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಪಾಲಾಕ್ಷಪ್ಪ, ಇದು ಬಂಡಾರದ ತಪ್ಪಲ್ಲಪ್ಪ. ಇದು ಕೊಯ್ದ ಗೀಟಲ್ಲ, ಸವರಿದ ಗೀಟು. ಇದನ್ನ ಬೆಂಗಳೂರಿಗೆ ಒಯ್ದರೆ ನನ್ನ ಮುಖಕ್ಕೆ ಉಗೀತಾರೆ."

ಮೂರು ಗಂಟೆಯ ಬಸ್ಸಿಗೆ ಹೋಗಬೇಕು, ಈಗಲೇ ಸರಿಯಾಗಿ ಕೊಯ್ಯಿ ಅಂತ ಉಳಿಯನ್ನು ಅವನ ಕೈಗೆ ಕೊಟ್ಟರು. ಪಾಲಾಕ್ಷಪ್ಪ ಹಲಗೆಯ ಮುಂದೆ ಕೂತು ಹಳೇ ಗೆರೆಯ ಮೇಲೆ ಉಳಿ ಇಟ್ಟ. ಮೂಲೆಯಿಂದ ಒಂದು ಗೇಣು ಚೆನ್ನಾಗಿಯೇ ಕೊಯ್ದ. ಮರಡಿಯ ಬುಡಕ್ಕೆ ಬಂದ ಕೂಡಲೇ ಕೈ ನಿಂತಿತು. ಒತ್ತಬೇಕು ಅಂತ ಅವನಿಗೆ ಗೊತ್ತಿತ್ತು, ಎಷ್ಟು ಒತ್ತಬೇಕು ಅನ್ನುವುದೂ ಗೊತ್ತಿತ್ತು. ಕೈ ಮಾತ್ರ ಒತ್ತುತ್ತಿರಲಿಲ್ಲ. ಉಳಿಯ ತುದಿ ನಡುಗಿ ಬೇವಿನ ಮೇಲೆ ಟಿಕ್ಕು ಟಿಕ್ಕು ಅಂತ ಸಣ್ಣ ಸದ್ದು ಮಾಡತೊಡಗಿತು. ಅವನಿಗೆ ಹೆದರಿಕೆಯಾಗಿತ್ತು. ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ, ಅದು ಹೆದರಿಕೆಯೇ. ಬೆಂಗಳೂರಿನ ಗೋಡೆ ಕಣ್ಣೆದುರಿಗೇ ಇತ್ತು, ಮಂಗಳೂರಿನ ಮೀನೂ ಕಣ್ಣೆದುರಿಗೇ ಇತ್ತು. ಆದರೂ ಆಗಲಿಲ್ಲ. ಹೋದ ಭಾನುವಾರವೂ ಹೀಗೇ ಆಗಿತ್ತು, ಸರ್ರನೆ ಎಳೆದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೇ. ಗಾಳೆಪ್ಪ ಮಾವನಿಗೆ ಗೊತ್ತಾಗಿತ್ತು ಅಂತ ಈಗ ತಿಳಿಯಿತು.

ಸರ್, ನನ್ನಿಂದ ಆಗುವುದಿಲ್ಲ, ಆ ಮೀನಿನವನಿಗೇ ಹೇಳಿಬಿಡಿ ಅನ್ನಬೇಕು ಅಂತ ಬಾಯಿ ತೆರೆದ. ಅಷ್ಟರಲ್ಲಿ ಗಾದೆಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಅವನ ಪಕ್ಕದಲ್ಲಿ ಕೂತಳು.

"ಕೊಡಿಲ್ಲಿ," ಅಂದಳು.

ಅವಳು ಜನ್ಮದಲ್ಲಿ ಉಳಿ ಹಿಡಿದವಳಲ್ಲ. ಈಳಿಗೆ ಮಣೆ ಹಿಡಿಯುವಂತೆ ಹಲಗೆಯನ್ನು ಎಡಗಾಲಿನಿಂದ ಒತ್ತಿ ಹಿಡಿದು, ಕಾಲು ತಾಗಿದ್ದಕ್ಕೆ ಒಂದು ಸಲ ಹಲಗೆ ಮುಟ್ಟಿ ಹಣೆಗೆ ಒತ್ತಿಕೊಂಡು, ಉಳಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಏಳುಕೋಟಿ ಅಂದಳು. ಮೈಭಾರ ಎಲ್ಲ ಹಾಕಿ ಒತ್ತಿದಳು. ಬೇವು ಚರಕ್ಕನೆ ಸೀಳಿತು. ಮರಡಿ ಸೀಳಿತು, ಬಿಲ್ಲು ಮುರಿಯಿತು, ಡಮರುಗ ಎರಡು ಹೋಳಾಯಿತು, ಚಕ್ಕೆಗಳು ಎದ್ದು ಅವಳ ಮಡಿಲಿಗೆ ಬಿದ್ದವು. ನಡುವೆ ಉಳಿ ಎರಡು ಸಲ ಹಾರಿತು, ಗೆರೆ ಹಾವಿನಂತೆ ಸೊಟ್ಟ ಹೋಯಿತು. ಅವಳು ನಿಲ್ಲಿಸಲಿಲ್ಲ. ಆ ಮೂಲೆ ಮುಟ್ಟಿದ ಮೇಲೆಯೇ ಉಸಿರು ಬಿಟ್ಟಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ವೀರಭದ್ರಯ್ಯನವರು ಮೂರನೇ ಕಾಗದ ಹಾಸಿ ತಾವೇ ಉಜ್ಜಿ ಎತ್ತಿದರು. ಕಪ್ಪು ಮರಡಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಬೆಳ್ಳನೆಯ ಗಾಯ. ಅವರು ಅದನ್ನು ನೋಡಿ, ಸಾಕು ಅಂದರು. ಸ್ವಲ್ಪ ಹೊತ್ತಿನ ಮೇಲೆ, ಇದು ಚಿತ್ರ ಅಂದರು. ಯಾವುದಕ್ಕೆ ಅಂದರು ಅಂತ ಪಾಲಾಕ್ಷಪ್ಪ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಗಾದೆಮ್ಮ ಬಂಡಾರದ ಬಟ್ಟಲು ತಂದು, ಮಸಿ ಇನ್ನೂ ಹಸಿಯಿದ್ದ ಹಲಗೆಯ ಗಾಯಕ್ಕೆ ತುಂಬತೊಡಗಿದಳು. ಬೆರಳು ಕಪ್ಪಾದವು, ಬಂಡಾರ ಕಪ್ಪಾಯಿತು. ತುಂಬುತ್ತಲೇ, ಮಗನ ಕಡೆ ನೋಡದೆ ಕೇಳಿದಳು.

"ದೇವ್ರಲ್ಲ, ಕಟ್ಟಿಗಿ ಅಂತಿದ್ದಿ. ಕಟ್ಟಿಗಿ ಕೊಯ್ಯಾಕ ಯಾಕ ಕೈ ನಡುಗ್ತೋ, ತಮ್ಮಾ?"

ಬೈದದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು. ಹಾಗಾದರೆ ನಿನಗೆ ಹೇಗೆ ಕೈ ಬಂತು ಅಂತ ಅವನು ತಿರುಗಿ ಕೇಳಿದ. ಅವಳು, ಮೈಲಾರಲಿಂಗನಿಗೆ ಗಾಯ ಹೊಸದೇನಲ್ಲ, ನಿನಗೆ ಬೆಂಗಳೂರು ಹೊಸದು ಅಂದಳು. ಬಟ್ಟಲಲ್ಲಿ ಉಳಿದದ್ದನ್ನು, ಮಸಿ ಬೆರೆತ ಬಂಡಾರವನ್ನು, ಹೆಬ್ಬೆರಳಿನಿಂದ ಅವನ ಹಣೆಗೆ ಒತ್ತಿದಳು. ಹಲಗೆಯನ್ನು ಎತ್ತಿ ಜಗಲಿಯ ಮೇಲೆ ಅದರ ಜಾಗದಲ್ಲಿ ಕೂಡಿಸಿ, ಅಡಿಗೆ ಎಲ್ಲಿಗೆ ಬಂತು ಅಂತ ಕೇಳಲು ಒಳಗೆ ಹೋದಳು.

ಊಟ ಮಾಡಿ, ಮೂರನೇ ಪ್ರತಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು, ಗುರುಗಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಪಾಲಾಕ್ಷಪ್ಪ ಹೊರಟ. ಬಿಸಿಲು ಜೋರಾಗಿತ್ತು. ಹಿಟ್ಟಿನ ಗಿರಣಿ ತಿರುವಿಗೆ ಬಂದಾಗ ಕಾಲು ತಾನಾಗಿ ನಿಂತಿತು, ಕೈ ತಾನಾಗಿ ಜೇಬಿಗೆ ಹೋಗಿ ಕರ್ಚೀಫು ತೆಗೆಯಿತು. ವೀರಭದ್ರಯ್ಯನವರೂ ನಿಂತರು. ಅವರ ಬೆರಳುಗಳಿಗೆ ಮಸಿ ಹಾಗೇ ಇತ್ತು, ಊಟಕ್ಕೆ ಮುಂಚೆ ತಿಕ್ಕಿದ್ದರೂ ಹೋಗಿರಲಿಲ್ಲ, ಬಿಳಿ ಜುಬ್ಬಾಕ್ಕೆ ತಾಗದಂತೆ ದೂರ ಹಿಡಿದುಕೊಂಡು ನಡೆಯುತ್ತಿದ್ದರು. ಪಾಲಾಕ್ಷಪ್ಪ ಕರ್ಚೀಫನ್ನು ಅವರ ಕೈಗೆ ಕೊಟ್ಟ. ಅವರು ಒಂದೊಂದೇ ಬೆರಳು ಒರೆಸಿಕೊಂಡು, ಇದೇನಪ್ಪ ಮೊದಲೇ ಇಷ್ಟು ಹಳದಿ ಅಂದರು. ನಮ್ಮವ್ವ ಹಚ್ಚುತ್ತಾಳೆ ಸರ್ ಅಂದ ಪಾಲಾಕ್ಷಪ್ಪ. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು.